ದಾವ್‌ನಿಂಗ್ ಭಿಕ್ಷುಗಳು ಇಡದ ಚುಕ್ಕೆ

ಪೂಜ್ಯ ದಾವ್‌ನಿಂಗ್ ಭಿಕ್ಷುಗಳು ಚೀನಾದ ಬೆಟ್ಟವೊಂದರ ತಪ್ಪಲಲ್ಲಿ, ಸೋರುವ ಗುಡಿಸಲಿನಲ್ಲಿ ವಾಸವಾಗಿದ್ದರು. ಆಸ್ತಿಯೆಂದರೆ ಕೂದಲುದುರಿದ ಒಂದು ಕುಂಚ, ಮಸಿ ತೇಯುವ ಕಲ್ಲು. ಬುದ್ಧವಚನಗಳನ್ನು ಪ್ರತಿಮಾಡುವುದೇ ಅವರ ಪೂಜೆ. ಆಹಾ, ಆ ಬರಹದ ಸೊಗಸು ಹೇಳುತ್ತ ಕೂತರೆ ಕಥೆ ಅಲ್ಲೇ ಉಳಿದೀತು; ಇರಲಿ.

ಮಂಜು ಕವಿದ ಒಂದು ಮಧ್ಯಾಹ್ನ ಲಿಪಿಕಾರ ಶೆನ್ ಬೋ ಅಲ್ಲಿಗೆ ಬಂದ. ಪೇಟೆಯ ಸಿರಿವಂತರ ಬಾಗಿಲ ಮೇಲೆಲ್ಲ ಅವನದೇ ಅಕ್ಷರ. ಕಂಕುಳಲ್ಲಿ, ತೀರಿಕೊಂಡ ತಂದೆಯ ಹೆಸರಿನ ಹಲಗೆ. ಆ ಸೀಮೆಯ ಪದ್ಧತಿ ಹೀಗೆ ನೋಡಿ: ಹಲಗೆಯ ಬರಹದಲ್ಲಿ ಕೊನೆಯ ಚುಕ್ಕೆಯೊಂದನ್ನು ಬಿಟ್ಟಿರುತ್ತಾರೆ. ಅದನ್ನಿಟ್ಟ ಮೇಲೆಯೇ ಸತ್ತವರ ಜೀವ ಅದರಲ್ಲಿ ನೆಲೆಸಿ, ಮನೆಯ ಹಿರಿಯರ ಸಾಲಿಗೆ ಸೇರುವುದು. ಶೆನ್ ಬೋ ಮಾತ್ರ ಚುಕ್ಕೆಯ ಹೊತ್ತಿಗೆ ಸರಿಯಾಗಿ, ಗೆರೆ ಚೆನ್ನಾಗಿ ಬಂದಿಲ್ಲವೆಂದು ಎಲ್ಲವನ್ನೂ ಹೆರೆದು ಮತ್ತೆ ಬರೆಯುತ್ತಿದ್ದ. ಹೆರೆದು ಹೆರೆದು ಹಲಗೆ ರೊಟ್ಟಿಯಷ್ಟು ತೆಳ್ಳಗಾಗಿತ್ತು. "ನಿಮ್ಮಪ್ಪ ಇನ್ನೂ ಬಾಗಿಲಾಚೆ ಚಳೀಲಿ ನಿಂತಿದಾರೆ ಕಣೋ," ಎಂದು ತಾಯಿ ಊಟ ಬಿಟ್ಟಿದ್ದರು.

"ಚುಕ್ಕೆ ಇಟ್ಟರೆ ಜೀವ ಬರುತ್ತೆ ಅನ್ನೋದೆಲ್ಲ ಮುದುಕಿಯರ ಮಾತು, ಗುರುಗಳೇ. ಅಮ್ಮನ ಸಮಾಧಾನಕ್ಕೆ ನೀವೇ ಒಂದು ಇಟ್ಟುಬಿಡಿ," ಎಂದ.

ಭಿಕ್ಷುಗಳು ತೆಳ್ಳಗಾದ ಹಲಗೆಯನ್ನೇ ನೋಡಿದರು. "ನಂಬದವನು ಚುಕ್ಕೆ ಹತ್ತಿರ ಬಂದಾಗೆಲ್ಲ ಯಾಕಪ್ಪಾ ಹೆರೆಯೋದು?"

ಭಿಕ್ಷುಗಳು ಸಾವಕಾಶವಾಗಿ ಮಸಿ ತೇಯ್ದು, ಕುಂಚವನ್ನು ಅವನ ಮುಂದಿಟ್ಟರು.

"ಇಟ್ಟುಬಿಟ್ಟರೆ ಅಪ್ಪ ನಿಜವಾಗಿಯೂ ಹೋದ ಹಾಗೆ, ಗುರುಗಳೇ."

"ಹೋಗಿಯಾಯಿತಪ್ಪಾ. ಒಳಗೆ ಕರೆಯೋದೊಂದು ಬಾಕಿ."

ಶೆನ್ ಬೋ ಕುಂಚ ಎತ್ತಿ ಚುಕ್ಕೆಯಿಟ್ಟ. ಅದು ಓರೆಯಾಗಿ ಜಾರಿತು. ಆ ವಿದ್ಯೆಯಲ್ಲಿ ಒಮ್ಮೆ ಇಟ್ಟ ಗೆರೆಯನ್ನು ತಿದ್ದುವಂತಿಲ್ಲ, ತಿದ್ದಿದರೆ ನೋಡಿದವರಿಗೆ ಗೊತ್ತಾಗಿಬಿಡುತ್ತದೆ; ಎಲ್ಲವನ್ನೂ ಹೆರೆದು ಮತ್ತೆ ಬರೆಯುವುದೊಂದೇ ದಾರಿ. ಅವನ ಎಡಗೈ ಸೊಂಟದಲ್ಲಿದ್ದ ಹೆರೆಯುವ ಚಾಕುವಿನತ್ತ ಹೋಯಿತು. ಭಿಕ್ಷುಗಳು ತಡೆಯಲಿಲ್ಲ. ಕೈ ತಾನಾಗಿಯೇ ಹಿಂದೆ ಬಂತು. ಹಲಗೆಯನ್ನು ಎದೆಗವಚಿಕೊಂಡು ಅವನು ಅವರ ಪಾದಕ್ಕೆ ಹಣೆ ಹಚ್ಚಿದ.

ಸಂಜೆ ಮನೆ ಮುಟ್ಟಿದಾಗ ತಾಯಿ ಹೊಸ್ತಿಲಲ್ಲೇ ಕೂತಿದ್ದರು. ಓದು ಬಾರದ ಆಕೆ ಹಲಗೆಯನ್ನಲ್ಲ, ಮಗನ ಮುಖವನ್ನು ನೋಡಿದರು. ಪೇಟೆಯೆಲ್ಲ ಹೊಗಳುತ್ತಿದ್ದ ಲಿಪಿಕಾರ, ಆ ಸೊಟ್ಟ ಚುಕ್ಕೆಯ ಹಲಗೆಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದು, ತಾನು ಪಕ್ಕಕ್ಕೆ ಸರಿದು, "ಬನ್ನಿ ಅಪ್ಪಾ," ಎಂದ. ತಂದೆ ತೀರಿಕೊಂಡಾಗಲೂ ಅಳದವನು ಆಗ ಗಟ್ಟಿಯಾಗಿ ಅತ್ತ.