ಟೀಚರಮ್ಮನಿಗೆ ನೈವೇದ್ಯ

ಮಕ್ಕಳೇ, ಒಂದು ಕೆರೆಯಲ್ಲಿ ಸರಸಮ್ಮ ಎಂಬ ಮುದಿ ಆಮೆ ಇದ್ದಳು. ಮರಿಮೀನುಗಳಿಗೆಲ್ಲ ಅವಳೇ ಟೀಚರು. ಅವಳ ಶಾಲೆಯಲ್ಲಿ ಇದ್ದದ್ದು ಒಂದೇ ಪಾಠ: ಮಣ್ಣಿನ ಎರೆಹುಳು ಯಾವುದು, ಗಾಳಕ್ಕೆ ಚುಚ್ಚಿದ ಎರೆಹುಳು ಯಾವುದು. ಅದರಲ್ಲಿ ಫೇಲಾದವರಿಗೆ ಇನ್ನೊಂದು ಪರೀಕ್ಷೆ ಇರಲಿಲ್ಲ.

ಆ ಕೆರೆಯ ಪಾಚಿಯೆಲ್ಲ ಕೆರೆಯನ್ನು ಆಳುವ ಸಭೆಯ ವಶದಲ್ಲಿತ್ತು. ಸಭೆಯ ಅಪ್ಪಣೆಯಿಲ್ಲದೆ ಯಾರೂ ಒಂದೆಳೆ ಕೀಳುವಂತಿರಲಿಲ್ಲ. ಸರಸಮ್ಮನಿಗೆ ದಿನಕ್ಕೆ ಒಂದು ಹಿಡಿ ಎಂದು ಗೊತ್ತುಮಾಡಿದ್ದು ಹತ್ತು ಮರಿಗಳಿದ್ದ ಕಾಲದಲ್ಲಿ. ಈಗ ಮರಿಗಳು ನಲವತ್ತಾಗಿದ್ದವು, ಪಾಚಿ ಮಾತ್ರ ಅದೇ ಒಂದು ಹಿಡಿ.

ಅವಳು ಸಭೆಗೆ ಹೋಗಿ, "ಎರಡು ಹಿಡಿ ಮಾಡಿ ಅಧ್ಯಕ್ಷರೇ. ಹಸಿದ ಹೊಟ್ಟೆಯಲ್ಲಿ ಅಷ್ಟು ಮಕ್ಕಳನ್ನು ಕಾಯುವುದು ನನ್ನ ಕೈಲಿ ಆಗುತ್ತಿಲ್ಲ" ಎಂದಳು.

ಅಧ್ಯಕ್ಷನ ಹೆಸರು ಗೆಂಡೆಪ್ಪ. ಗೆಂಡೆ ಮೀನು. ಸರಸಮ್ಮನ ಶಾಲೆಯಲ್ಲೇ ಕಲಿತು, ಗಾಳ ತಪ್ಪಿಸಿಕೊಂಡು, ಇಷ್ಟು ದಪ್ಪಗಾದವನು. ಕೊಡು ಎಂದರೆ ಅವನಿಗೆ ಜ್ವರ ಬರುತ್ತಿತ್ತು. ಹೊಗಳು ಎಂದರೆ ಮಾತ್ರ ಬಲು ಧಾರಾಳಿ.

"ಟೀಚರಮ್ಮ, ಗುರು ಅಂದರೆ ದೇವರು. ದೇವರಿಗೆ ಯಾರಾದರೂ ಸಂಬಳ ಕೊಡುತ್ತಾರಾ? ನಮಗೆ ಪಾಪ ಸುತ್ತಿಕೊಳ್ಳುತ್ತದೆ."

"ಹಾಗಾದರೆ ನಾನು ಹೊಟ್ಟೆಗೆ ಏನು ತಿನ್ನಲಿ?"

ಕಾನೂನು ಬರೆಯುವ ಏಡಿ ಮುಂದೆ ಬಂತು. ಜನ್ಮದಲ್ಲಿ ನೆಟ್ಟಗೆ ನಡೆದ ಪ್ರಾಣಿಯಲ್ಲ ಅದು. "ಸಂಬಳ ರದ್ದು ಮಾಡಿ ನೈವೇದ್ಯ ಇಡೋಣ. ಒಂದು ಹಿಡಿಯಲ್ಲ, ದಿನಕ್ಕೆ ಹತ್ತು ಹಿಡಿ" ಎಂದಿತು.

ಸದಸ್ಯರೆಲ್ಲ ಬಾಲ ಬಡಿದು ಮಸೂದೆಯನ್ನು ಒಪ್ಪಿದರು. ಅದೇ ದಿನ ಸದಸ್ಯರ ಪಾಲನ್ನು ಎರಡು ಹಿಡಿಯಿಂದ ಐದು ಹಿಡಿಗೆ ಏರಿಸುವ ಮಸೂದೆಯೂ ಬಂದಿತ್ತು. ಅದಕ್ಕೆ ಚರ್ಚೆಯೇ ಬೇಕಾಗಲಿಲ್ಲ.

ಮರುದಿನ ತಾವರೆ ಎಲೆಯ ಮೇಲೆ ಹತ್ತು ಹಿಡಿ ಪಾಚಿ ಬಂತು. ಎಲ್ಲರೂ ಸರಸಮ್ಮನಿಗೆ ಅಡ್ಡಬಿದ್ದರು. ಅವಳು ಬಾಯಿ ತೆರೆಯುವಷ್ಟರಲ್ಲಿ ಏಡಿ ಎಲೆಯನ್ನು ಎಳೆದುಕೊಂಡಿತು.

"ದೇವರಿಗೆ ತೋರಿಸಿದ್ದಾಯಿತು. ಇನ್ನು ಇದು ಪ್ರಸಾದ" ಎಂದು ಸದಸ್ಯರಿಗೆ ಹಂಚಿಬಿಟ್ಟಿತು. ನೈವೇದ್ಯವನ್ನು ದೇವರು ನೋಡುವುದು, ಭಕ್ತರು ತಿನ್ನುವುದು. ನಿಮ್ಮ ಮನೆಯಲ್ಲೂ ಹಾಗೇ ತಾನೇ?

ಎಂಟು ದಿನ ಸರಸಮ್ಮ ದೇವರಾಗಿ ಉಪವಾಸ ಕೂತಳು. ಒಂಬತ್ತನೆಯ ದಿನ ತೆವಳಿಕೊಂಡು ಕೆಳಗಿನ ಕೆರೆಗೆ ಹೊರಟುಹೋದಳು. ಅಲ್ಲಿ ಯಾರೂ ಅವಳ ಕಾಲಿಗೆ ಬೀಳಲಿಲ್ಲ. ದಿನಕ್ಕೆ ಎರಡು ಹಿಡಿ ಪಾಚಿ ಕೊಟ್ಟರು.

ಗೆಂಡೆಪ್ಪನೇನೂ ಚಿಂತೆ ಮಾಡಲಿಲ್ಲ. ಅವಳು ಕೂರುತ್ತಿದ್ದ ಜಾಗದಲ್ಲಿ ಆಮೆಯಂತಹ ಒಂದು ಗುಂಡುಕಲ್ಲು ಇಡಿಸಿದ. "ಇದಕ್ಕೆ ಹಸಿವೂ ಇಲ್ಲ, ಅರ್ಜಿ ಕೊಡುವ ಚಾಳಿಯೂ ಇಲ್ಲ" ಎಂದು ಮೆಚ್ಚಿಕೊಂಡ. ಮರಿಗಳು ದಿನವೂ ಕಲ್ಲಿನ ಮುಂದೆ ಕೂತವು. ಗೆಂಡೆಪ್ಪನ ಕಿರಿಮಗಳು ಬೆಳ್ಳಿ ಮೊದಲ ಸಾಲಿನಲ್ಲಿ ಕೂರುತ್ತಿದ್ದಳು.

ಒಂದು ಬೆಳಿಗ್ಗೆ ಮೇಲಿನಿಂದ ದಪ್ಪನೆಯ ಎರೆಹುಳು ಇಳಿಯಿತು. ಬೆಳ್ಳಿ ವಿಧೇಯ ಹುಡುಗಿ. ಕೇಳದೆ ಏನನ್ನೂ ಮುಟ್ಟುತ್ತಿರಲಿಲ್ಲ.

"ಟೀಚರ್, ಇದನ್ನು ತಿನ್ನಬಹುದಾ?"

ಕಲ್ಲು ಸುಮ್ಮನಿತ್ತು.

"ಬೇಡ ಅನ್ನಲಿಲ್ಲವಲ್ಲ. ಮೌನಂ ಸಮ್ಮತಿ ಲಕ್ಷಣಂ" ಎಂದಿತು ಪಕ್ಕದ ಮರಿ.

ಬೆಳ್ಳಿ ಬಾಯಿ ಹಾಕಿದಳು. ಗೆಂಡೆಪ್ಪ ಓಡಿಬರುವಷ್ಟರಲ್ಲಿ ಅವಳು ನೀರಿನಿಂದಾಚೆ ಹೋಗಿಬಿಟ್ಟಿದ್ದಳು.

ಅವನು ಎದೆ ಒಡೆದು ಅತ್ತ. ಆ ಅಳುವಿನಲ್ಲಿ ನಾಟಕವಿರಲಿಲ್ಲ. ಅಳುತ್ತಲೇ ಕಾಲುವೆಯಲ್ಲಿ ಈಜಿಕೊಂಡು ಕೆಳಗಿನ ಕೆರೆಗೆ ಹೋಗಿ, "ಅಮ್ಮಾ, ವಾಪಸ್ ಬನ್ನಿ. ನನ್ನ ಪಾಲಿನ ಐದು ಹಿಡಿಯನ್ನೂ ನಿಮಗೇ ಕೊಡುತ್ತೇನೆ" ಎಂದ.

ಬೆಳ್ಳಿಯ ಸುದ್ದಿ ಕೇಳಿ ಸರಸಮ್ಮನ ಕಣ್ಣು ತುಂಬಿತು. ಆಮೇಲೆ ಕೇಳಿದಳು: "ಗೆಂಡೆಪ್ಪಾ, ಉಳಿದ ಮೂವತ್ತೊಂಬತ್ತು ಮಕ್ಕಳು ಈಗ ಎಲ್ಲಿದ್ದಾರೆ?"

"ಎಲ್ಲಿರುತ್ತಾರೆ ಅಮ್ಮಾ, ಶಾಲೆಯಲ್ಲೇ, ಆ ಕಲ್ಲಿನ ಮುಂದೆ..."

ಸರಸಮ್ಮ ಆಗಲೇ ದಡ ಹತ್ತಿ ಹೊರಟಿದ್ದಳು. ಆದರೆ ಅದು ಆಮೆಯ ನಡಿಗೆ. ಮೇಲಿನ ಕೆರೆಗೆ ಎರಡು ದಿನದ ದಾರಿ.

ನೀತಿ: ಕಲಿಸುವವರಿಗೆ ಕೈ ಮುಗಿಯುವ ಮೊದಲು ಅವರು ಉಂಡಿದ್ದಾರೆಯೇ ಎಂದು ನೋಡಬೇಕು; ಅವರ ಪಾಲಿನಲ್ಲಿ ಉಳಿಸಿದ ಹಿಡಿಗೆ ಬೆಲೆ ತೆರುವವರು ಮಕ್ಕಳು.