ಬೆಲ್ಲದ ವ್ಯಾಪಾರಿಯ ಅನುಮಾನ

ಶಿಷ್ಯನೊಬ್ಬ ಗುರುವನ್ನು ಕೇಳಿದ: "ಪರರಿಗಾಗಿ ದುಡಿಯುತ್ತೇನೆ ಎನ್ನುವವರು ಊರ ತುಂಬ ಇದ್ದಾರೆ. ಯಾರ ಒಳಗೆ ಸ್ವಾರ್ಥವಿದೆ, ಯಾರ ಒಳಗೆ ಇಲ್ಲ ಎಂದು ತಿಳಿಯುವುದು ಹೇಗೆ?"

ಗುರು ಈ ಕತೆ ಹೇಳಿದ.

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಬೆಲ್ಲದ ಅಚ್ಚನ್ನು ಕೈಗೆ ತೆಗೆದುಕೊಂಡರೆ ಸಾಕು, ಅದಕ್ಕೆ ಏನು ಬೆರೆಸಿದ್ದಾರೆ ಎಂದು ಹೇಳಿಬಿಡುತ್ತಿದ್ದ. ಬಣ್ಣ ಚೆನ್ನಾಗಿದ್ದಷ್ಟೂ ಅವನಿಗೆ ಅನುಮಾನ ಹೆಚ್ಚು. ಥಳಥಳ ಹೊಳೆಯುವ ಬೆಲ್ಲವನ್ನು ಮುರಿದು ನೋಡದೆ ಅವನು ಕೊಂಡವನಲ್ಲ. ಈ ಗುಣದಿಂದ ಅಂಗಡಿಗೆ ಒಳ್ಳೆಯ ಹೆಸರಿತ್ತು. ತೊಂದರೆ ಎಂದರೆ, ಅಂಗಡಿಯ ಬಾಗಿಲು ಹಾಕಿದ ಮೇಲೂ ಅವನು ಮುರಿದು ನೋಡುವುದನ್ನು ಬಿಡುತ್ತಿರಲಿಲ್ಲ. ಪುಟ್ಟ ಮೊಮ್ಮಗಳೊಬ್ಬಳನ್ನು ಬಿಟ್ಟರೆ ಮತ್ತೆ ಯಾರನ್ನೂ ಅವನು ಪೂರ್ತಿ ನಂಬಿದವನಲ್ಲ.

ಆ ಊರಿನ ಸಂತೆಗೆ ಒಬ್ಬ ಯುವ ವಿಜ್ಞಾನಿ ಬರತೊಡಗಿದಳು. ಮಕ್ಕಳ ರಕ್ತಕ್ಕೆ ಬರುವ ಕ್ಯಾನ್ಸರ್ ಕುರಿತು ಪಟ್ಟಣದ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಸಂತೆಯ ಕಟ್ಟೆಯ ಮೇಲೆ ನಿಂತು ಆ ಮಕ್ಕಳ ಪರವಾಗಿ ಮಾತಾಡುವಳು. ಬೇಗ ಕರೆತಂದರೆ ಎಷ್ಟೋ ಮಕ್ಕಳು ಉಳಿಯುತ್ತಾರೆ, ನೀವು ತಡಮಾಡುತ್ತೀರಿ ಎನ್ನುವಳು. ಮೊದಲು ಯಾವ ಗುರುತು ಕಾಣುತ್ತದೆ, ಕಂಡರೆ ಎಲ್ಲಿಗೆ ಹೋಗಬೇಕು ಎಂದು ತಾಯಂದಿರಿಗೆ ಬಿಡಿಸಿ ಹೇಳುವಳು. ಮಾತು ಬಲು ಚೆನ್ನಾಗಿತ್ತು. ವ್ಯಾಪಾರಿಯ ಅನುಮಾನಕ್ಕೆ ಅಷ್ಟೇ ಸಾಕಾಯಿತು.

ಬಿಟ್ಟಿಯಾಗಿ ಯಾರು ಬಿಸಿಲಲ್ಲಿ ನಿಲ್ಲುತ್ತಾರೆ ಎಂದುಕೊಂಡ. ಪ್ರತಿ ಸಂತೆಯಲ್ಲೂ ಅಂಗಡಿಯನ್ನು ಸೊಸೆಗೆ ಒಪ್ಪಿಸಿ, ಹೋಗಿ ಮುಂದಿನ ಸಾಲಿನಲ್ಲಿ ಕುಳಿತ. ಅವಳ ಚಪ್ಪಲಿ ನೋಡಿದ. ಕೈಗಡಿಯಾರ ನೋಡಿದ. ಫೋನ್ ಬಂದಾಗ ಬದಿಗೆ ಸರಿದು ಮಾತಾಡಿದ್ದನ್ನು ನೋಡಿದ. ಯಾವುದೋ ದೊಡ್ಡಾಸ್ಪತ್ರೆಯವರು ಗಿರಾಕಿ ಹಿಡಿಯಲು ಕಳಿಸಿರಬೇಕು, ಇಲ್ಲವೇ ಔಷಧಿ ಕಂಪನಿಯವರು, ಅದೂ ಅಲ್ಲದಿದ್ದರೆ ಚುನಾವಣೆಗೆ ನಿಲ್ಲುವ ಆಸೆ ಇರಬೇಕು. ಯಾರೋ ಕೊಟ್ಟ ಟೀ ಅವಳು ಕುಡಿದ ದಿನ, ಬಿಟ್ಟಿ ಟೀಗೆ ಬಂದವಳು ಎಂದ. ಬೇಡವೆಂದ ದಿನ, ಇವಳ ಕಣ್ಣು ದೊಡ್ಡ ಗಂಟಿನ ಮೇಲೇ ಇದೆ ಎಂದ.

ಒಂದು ಸಂತೆಯಲ್ಲಿ ಎದ್ದು ನಿಂತು ಕೇಳಿಯೇಬಿಟ್ಟ: "ಅದೆಲ್ಲ ಇರ್ಲಿ. ಇದ್ರಲ್ಲಿ ನಿನ್ಗೇನಮ್ಮ ಸಿಗ್ತದೆ?"

"ಅದನ್ನ ಆಮೇಲೆ ಹೇಳ್ತೀನಿ, ಯಜಮಾನ್ರೇ. ಮೊದ್ಲು ಮಕ್ಕಳ ವಿಷ್ಯ ಮುಗಿಸ್ಬಿಡ್ತೀನಿ" ಎಂದಳು ಅವಳು.

ಆಮೇಲೆ ಎಂದಳಲ್ಲ, ಅಚ್ಚು ಮುರಿದು ಒಳಗಿನ ಮರಳು ಕಂಡಷ್ಟು ಖುಷಿಯಾಯಿತು ಅವನಿಗೆ. ಕೇಳಿದ್ದಕ್ಕೆ ಜಾರಿಕೊಂಡಳು ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿದ. ಬೆಲ್ಲದಲ್ಲಿ ಎಂದೂ ಮೋಸ ಮಾಡದವನ ಮಾತು. ಊರು ನಂಬಿತು. ತಾಯಂದಿರು ಕಟ್ಟೆಯ ಕಡೆಗೆ ಹೋಗುವುದನ್ನು ಬಿಟ್ಟರು. ಅವಳು ಕೆಲವು ಸಂತೆ ಯಾರೂ ಇಲ್ಲದ ಕಟ್ಟೆಯ ಮೇಲೆ ನಿಂತಳು. ಆಮೇಲೆ ಬರಲಿಲ್ಲ. ಊರನ್ನು ಉಳಿಸಿದೆ ಎಂದು ವ್ಯಾಪಾರಿ ನೆಮ್ಮದಿಯಾಗಿದ್ದ.

ಮಳೆಗಾಲ ಕಳೆಯಿತು. ಒಂದು ಸಂಜೆ ಸೊಸೆ ಮಗಳಿಗೆ ಸ್ನಾನ ಮಾಡಿಸುವಾಗ ಅವಳ ಕಾಲಿನ ಮೇಲೆ ನೀಲಿ ಕಲೆಗಳನ್ನು ಕಂಡಳು. ಮಗು ಬಿದ್ದಿರಲಿಲ್ಲ, ಯಾರೂ ಹೊಡೆದಿರಲಿಲ್ಲ. ಕೆಲವು ದಿನಗಳಿಂದ ಜ್ವರವೂ ಇತ್ತು, ಮಾತ್ರೆ ಕೊಟ್ಟಾಗ ಇಳಿದು ಮತ್ತೆ ಏರುತ್ತಿತ್ತು. ಸೊಸೆ ಓಡಿಬಂದು ಕೇಳಿದಳು: "ಮಾವ, ಆ ಹುಡುಗಿ ಏನೋ ಗುರ್ತು ಹೇಳ್ತಿದ್ಲಲ್ಲ, ಏನೇನು ಅಂದ್ಲು? ನಾನು ಅಂಗ್ಡೀಲೇ ಇರ್ತಿದ್ದೆ. ಒಂದು ಸಂತೇನೂ ಬಿಡ್ದೆ ಮುಂದ್ಗಡೆ ಕೂತು ಕೇಳ್ದೋರು ನೀವೇ ಅಲ್ವಾ?"

ವ್ಯಾಪಾರಿ ಬಾಯಿ ತೆರೆದ. ಚಪ್ಪಲಿಯ ಬಣ್ಣ ನೆನಪಿಗೆ ಬಂತು. ಗಡಿಯಾರದ ಪಟ್ಟಿ ನೆನಪಿಗೆ ಬಂತು. ಫೋನ್ ಹಿಡಿದು ಯಾವ ಮರದ ಕಡೆಗೆ ಹೋಗಿದ್ದಳು ಎನ್ನುವುದೂ ಬಂತು. ಅವಳು ಹೇಳಿದ್ದರಲ್ಲಿ ಒಂದು ಮಾತೂ ಬರಲಿಲ್ಲ.

"ಗ್ಯಾಪ್ಕ ಇಲ್ಲ ಕಣವ್ವ" ಎಂದ. ಅಷ್ಟು ಹೆದರಿಕೆ ಅವನಿಗೆ ಎಂದೂ ಆಗಿರಲಿಲ್ಲ.

ಬೆಳಗಾಗುತ್ತಲೇ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು, ಆ ವಿಜ್ಞಾನಿ ಈಗ ಎಲ್ಲಿ ಮಾತಾಡುತ್ತಾಳೆ ಎಂದು ವಿಚಾರಿಸುತ್ತ ಹೊರಟ. ಪಕ್ಕದ ಊರಿನ ಸಂತೆಯಲ್ಲಿ ಸಿಕ್ಕಳು. ಅವನು ಜನರ ಹಿಂದೆ ಹೋಗಿ ನಿಲ್ಲುವುದಕ್ಕೂ, ಮುಂದಿನ ಸಾಲಿನಲ್ಲಿ ಒಬ್ಬ ಎದ್ದು ಕೇಳುವುದಕ್ಕೂ ಸರಿಹೋಯಿತು: "ಇದ್ರಲ್ಲಿ ನಿಮ್ಗೇನು ಸಿಗ್ತದೆ, ಅದು ಹೇಳಿ ಮೊದ್ಲು."

ಅದು ವ್ಯಾಪಾರಿಯ ಮಾತೇ. ಬೆಲ್ಲದ ಜೊತೆಗೆ ಆ ಊರಿಗೂ ಹೋಗಿತ್ತು. ಜನ ಉತ್ತರಕ್ಕಾಗಿ ಅವಳ ಮುಖ ನೋಡಿದರು. ಅವಳು ಆಗಲೇ ಹಿಂದೆ ನಿಂತವನ ಹೆಗಲಿನಿಂದ ಇಳಿಬಿದ್ದ ಎರಡು ಪುಟ್ಟ ಕಾಲುಗಳನ್ನು ಕಂಡಿದ್ದಳು. ಕಟ್ಟೆ ಇಳಿದು, ಜನರನ್ನು ಸರಿಸಿಕೊಂಡು ಬಂದು, ಆ ಕಾಲನ್ನು ಕೈಯಲ್ಲಿ ಹಿಡಿದು ನೋಡಿದಳು.

ಗುರು ಕತೆಯನ್ನು ಅಲ್ಲಿಗೆ ನಿಲ್ಲಿಸಿದ.

ಶಿಷ್ಯ ಕೇಳಿದ: "ಆಮೇಲೆ ಹೇಳುತ್ತೇನೆ ಎಂದಿದ್ದಳಲ್ಲ, ಹೇಳಿದಳೇ? ನಿಜವಾಗಿ ಅವಳಿಗೆ ಏನು ಸಿಗುತ್ತಿತ್ತು?"

ಗುರು ಹೇಳಿದ: "ಮಗು ಉಳಿಯಿತೇ ಎಂದು ನೀನೂ ಕೇಳಲಿಲ್ಲ."