ಇಪ್ಪೆಮರಕ್ಕೆ ಬಂದ ಹೊಸಬ

ಲೋಕಕ್ಕೆ ಇನ್ನೂ ಹಾಲುಹಲ್ಲು ಬಿದ್ದಿರದ ಕಾಲ ಅದು. ಎಲ್ಲಿ ಕೂರಬೇಕು ಅಂತ ಗುಡ್ಡಗಳು ಒಂದನ್ನೊಂದು ಕೇಳಿಕೊಂಡು ಓಡಾಡುತ್ತಿದ್ದವು. ಹೊಳೆಗಂತೂ ತನ್ನ ದಾರಿ ಯಾವುದು ಅನ್ನೋದೇ ಗೊತ್ತಿರಲಿಲ್ಲ. ಇವತ್ತು ಇಲ್ಲಿ ಹರಿದರೆ ನಾಳೆ ಇನ್ನೆಲ್ಲೋ.

ಹಾಗೆ ದಾರಿ ಹುಡುಕುತ್ತಾ ಹುಡುಕುತ್ತಾ ಹೊಳೆ ಒಂದು ದಿನ ಒಂದು ತೋಪಿಗೆ ನುಗ್ಗಿಬಿಟ್ಟಿತು. ಆ ತೋಪಿನಲ್ಲಿ ಪುಟ್ಟಪುಟ್ಟ ಕಪ್ಪು ಹಕ್ಕಿಗಳ ಒಂದು ಬಳಗವಿತ್ತು. ಮರಗಳೆಲ್ಲ ಬುಡಸಮೇತ ಕೊಚ್ಚಿಹೋದವು. ಹಕ್ಕಿಗಳು ದಿಕ್ಕಿಗೊಂದರಂತೆ ಹಾರಿಹೋದವು.

“ತಪ್ಪಾಯ್ತು ಕಣ್ರಪ್ಪಾ, ನೋಡಲಿಲ್ಲ” ಅಂದಿತು ಹೊಳೆ. ಅಂದುಬಿಟ್ಟರೆ ಮುಗೀತೇ? ಹೋದ ಗೂಡು ಹೋದ ಹಾಗೇ.

ಆ ಬಳಗದಲ್ಲೊಬ್ಬ ಹಾರಿ ಹಾರಿ, ರೆಕ್ಕೆ ಸೋತು, ಒಂದು ಕೆರೆಯ ದಂಡೆಗೆ ಬಂದ. ದಂಡೆಯ ಮೇಲೆ ದೊಡ್ಡದೊಂದು ಇಪ್ಪೆಮರ. ಮರದ ತುಂಬ ಹಕ್ಕಿಗಳ ಮಾತೋ ಮಾತು. ಅದನ್ನು ಕೇಳಿಯೇ ಅವನಿಗೆ ಅರ್ಧ ಆಯಾಸ ಕಳೆಯಿತು. ಹತ್ತಿರ ಹೋಗಿ, “ನಾನೂ ಇಲ್ಲೇ ಇರಬಹುದಾ?” ಅಂತ ಕೇಳಿದ.

ಮಾತೆಲ್ಲ ನಿಂತುಹೋಯಿತು. “ಯಾರೋ ಹೊಸಬ” ಅಂದಿತು ಒಂದು ಗಿಣಿ. “ಹೊಸಬನಂತೆ, ಹೊಸಬ” ಅಂದವು ಉಳಿದವು. ಅದೇ ಅವನ ಹೆಸರಾಯಿತು. ನಿನ್ನ ಹೆಸರೇನಪ್ಪಾ, ಹೊಟ್ಟೆಗೇನಾದರೂ ತಿಂದೆಯಾ ಅಂತ ಕೇಳೋದಕ್ಕೆ ಒಬ್ಬರಿಗೂ ಬಾಯಿ ಬರಲಿಲ್ಲ ನೋಡು.

ಮರದ ತುದಿಯಲ್ಲಿ ಕೊಕ್ಕಪ್ಪ ಕೂತಿದ್ದ. ಅವನು ಕಾಗೆಗಳ ಯಜಮಾನ. ಮರ ಯಾರಪ್ಪನ ಆಸ್ತಿಯೂ ಆಗಿರಲಿಲ್ಲ. ಮೊದಲು ಬಂದು ಕೂತವರು ನಾವು ಅಂತ ಹೇಳಿಕೊಂಡು ಕಾಗೆಗಳೇ ಅದನ್ನು ತಮ್ಮದು ಮಾಡಿಕೊಂಡಿದ್ದವು. ಕೊಕ್ಕಪ್ಪ ಹೊಸಬನನ್ನು ಮೇಲಿಂದ ಕೆಳಗೆ ನೋಡಿ, “ಸದ್ಯಕ್ಕೆ ಜಾಗ ಇಲ್ಲ. ಆಮೇಲೆ ನೋಡೋಣ” ಅಂದ. ಮರದಲ್ಲಿ ಖಾಲಿ ಕೊಂಬೆಗಳು ಬೇಕಾದಷ್ಟಿದ್ದವು.

ಕೆರೆಯ ಅಂಚಿನಲ್ಲಿ ಒಂದು ಎಮ್ಮೆ ಮೆಲುಕು ಹಾಕುತ್ತಾ ನಿಂತಿತ್ತು. “ಬೇಕಾದರೆ ನನ್ನ ಬೆನ್ನ ಮೇಲೆ ಕೂತ್ಕೋ” ಅಂದಿತು. “ಆದರೆ ಬಿಸಿಲೇರಿದರೆ ನಾನು ನೀರಿಗಿಳೀತೀನಿ. ಆಗ ಎದ್ದು ಹೋಗಬೇಕು.”

“ಆಗಲಿ ದೊಡ್ಡವ್ವ” ಅಂದ ಹೊಸಬ.

ಎಮ್ಮೆಯ ಬೆನ್ನೇ ಅವನ ಮನೆಯಾಯಿತು. ಎಮ್ಮೆ ನೀರಿಗಿಳಿದಾಗೆಲ್ಲ ಅವನ ಮನೆಯೂ ಮುಳುಗುತ್ತಿತ್ತು. ಆಗ ಗಾಳಿಯಲ್ಲಿ ಸುತ್ತು ಹಾಕುತ್ತಾ ಮರವನ್ನೇ ನೋಡುತ್ತಿದ್ದ. ಅವನಿಗೆ ಬೇಕಾಗಿದ್ದದ್ದು ಆ ಮರದಲ್ಲಿ ಒಂದು ಕೊಂಬೆ, ಸಂಜೆ ಹೊತ್ತು ಪಕ್ಕದಲ್ಲಿ ಕೂತು ಮಾತಾಡೋದಕ್ಕೆ ಯಾರಾದರೊಬ್ಬರು, ಅಷ್ಟೇ.

ಒಂದು ಬೆಳಿಗ್ಗೆ ಮರದಿಂದ ಕೂಗು ಕೇಳಿಸಿತು. “ಕಾ! ಕಾ! ಕಾ!”

ಹೊಸಬ ಗಡಬಡಿಸಿ ಎದ್ದ. ಅವನ ತೋಪಿನಲ್ಲಿ ‘ಕಾ’ ಅಂದರೆ ‘ಕಾಪಾಡು’ ಅಂತ. ಹಾವು ಮರ ಹತ್ತಿದರೆ ಅವನ ಅಮ್ಮ ‘ಕಾ’ ಅಂತ ಕೂಗುತ್ತಿದ್ದಳು. ಕೇಳಿದವರು ಬಾಯಲ್ಲಿದ್ದ ಹುಳ ಬಿಟ್ಟು ಓಡಿಬರಬೇಕು. ನನಗ್ಯಾಕೆ ಅನ್ನೋ ಹಾಗಿಲ್ಲ. ಪಾಪ, ಕಾಗೆಗಳಿಗೆ ಏನೋ ಆಪತ್ತು ಬಂದಿದೆ ಅಂದುಕೊಂಡು ಹೊಸಬ ಬಾಣ ಬಿಟ್ಟ ಹಾಗೆ ಹಾರಿಬಂದ.

ಬಂದು ನೋಡಿದರೆ ಬೆಳವಕ್ಕನ ಗೂಡಿನ ಸುತ್ತ ಕಾಗೆಗಳು ಕೂತಿದ್ದವು. ಬೆಳವಕ್ಕ ಅನ್ನೋಳು ಬೂದುಬಣ್ಣದ ಸಾಧು ಹಕ್ಕಿ. ನಾಲ್ಕು ಕಡ್ಡಿ ಅಡ್ಡಡ್ಡ ಇಟ್ಟು ಅದನ್ನೇ ಗೂಡು ಅನ್ನೋಳು. ಅವಳು ಪಕ್ಕದ ರೆಂಬೆಯಲ್ಲಿ ತಲೆ ತಗ್ಗಿಸಿಕೊಂಡು ಕೂತಿದ್ದಳು.

“ಯಾರನ್ನು ಕಾಪಾಡಬೇಕು? ಹಾವು ಎಲ್ಲಿ?” ಅಂತ ಹೊಸಬ ಏದುಸಿರು ಬಿಡುತ್ತಾ ಕೇಳಿದ.

ಕಾಗೆಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬಿದ್ದುಬಿದ್ದು ನಕ್ಕವು. ಗಿಣಿಗಳೂ ನಕ್ಕವು. ಕೊಕ್ಕಪ್ಪನಿಗಂತೂ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. “ಲೋ ಹೊಸಬ, ಇಲ್ಲಿ ‘ಕಾ’ ಅಂದರೆ ಕಾಪಾಡು ಅಂತಲ್ಲ. ಊಟ ಸಿಕ್ಕಿದೆ, ಎಲ್ಲರೂ ಬನ್ನಿ ಅಂತ” ಅಂದ. ಹಾಗಂದವನೇ ಗೂಡಿನಲ್ಲಿದ್ದ ಮೊಟ್ಟೆಯನ್ನು ಕುಕ್ಕಿ ಕುಡಿದ.

“ಅದು ಅವಳ ಮೊಟ್ಟೆ ಅಲ್ವಾ?”

“ಇಟ್ಟವಳು ಅವಳು. ಮರ ನಮ್ಮದು. ಮರದಲ್ಲಿ ಗೂಡು ಕಟ್ಟಿದವರು ಪ್ರತಿ ಸಲ ಇಡೋ ಮೊದಲ ಮೊಟ್ಟೆ ನಮಗೆ. ಇದು ಇಲ್ಲಿನ ಪದ್ಧತಿ. ಕೇಳು ಅವಳನ್ನೇ.”

ಹೊಸಬ ಬೆಳವಕ್ಕನ ಕಡೆ ನೋಡಿದ. ಅವಳು ಇನ್ನಷ್ಟು ತಲೆ ತಗ್ಗಿಸಿದಳು. ಏನಾದರೂ ಅಂದರೆ ಇರೋ ಕೊಂಬೆಯೂ ಹೋಗುತ್ತದೆ ಅನ್ನೋ ಭಯ ಅವಳಿಗೆ.

ಕೊಕ್ಕಪ್ಪ ಕೊಕ್ಕು ಒರೆಸಿಕೊಂಡು ಹತ್ತಿರ ಬಂದ. ದನಿ ಈಗ ಬೆಣ್ಣೆ. “ನೋಡಪ್ಪಾ, ಬಣ್ಣದಲ್ಲಿ ನೀನೂ ನಮ್ಮವನೇ. ಬೆಳವಕ್ಕ ಮತ್ತೆ ಮೊಟ್ಟೆ ಇಡ್ತಾಳೆ. ಆವತ್ತು ಬಾ. ನಮ್ಮ ಹಾಗೆ ‘ಕಾ’ ಅನ್ನು, ನಮ್ಮ ಜೊತೆ ತಿನ್ನು. ತುದಿಕೊಂಬೆ ನಿನಗೇ ಕೊಡ್ತೀವಿ. ಸಂಜೆ ನಮ್ಮ ಮಧ್ಯೆ ಕೂತ್ಕೋ.”

ಹೊಸಬ ಬರೋದಿಲ್ಲ ಅನ್ನಲಿಲ್ಲ. ಸುಳ್ಳು ಯಾಕೆ ಹೇಳಬೇಕು, ಅವನಿಗೆ ಆಸೆಯಾಯಿತು. ಒಬ್ಬನೇ ಇದ್ದು ಇದ್ದು ಸಾಕಾಗಿತ್ತು ಅವನಿಗೆ. ಎಮ್ಮೆಯ ಬೆನ್ನ ಮೇಲೆ ಕೂತು ಕಾಗೆಗಳ ಹಾಗೆ ‘ಕಾ’ ಅನ್ನೋದನ್ನು ಅಭ್ಯಾಸ ಮಾಡಿದ.

“ಗಂಟಲು ಕೆಟ್ಟಿದೆಯಾ ಮಗಾ?” ಅಂತ ಕೇಳಿತು ಎಮ್ಮೆ.

“ಇಲ್ಲ ದೊಡ್ಡವ್ವ. ಇಲ್ಲಿನ ಮಾತು ಕಲೀತಾ ಇದ್ದೀನಿ.”

“ಓಹೋ” ಅಂದಿತು ಎಮ್ಮೆ. ಆಮೇಲೆ ನೀರಿಗಿಳಿಯಿತು.

ಬೆಳವಕ್ಕ ಮತ್ತೆ ಮೊಟ್ಟೆ ಇಟ್ಟಳು. ಕಾಗೆಗಳೆಲ್ಲ ಸೇರಿದವು. ಹೊಸಬನೂ ಹೋದ. ಕಾಗೆಗಳು ಸರಿದು ಅವನಿಗೆ ಜಾಗ ಬಿಟ್ಟವು. ಆ ಮರದಲ್ಲಿ ಅವನಿಗಾಗಿ ಯಾರಾದರೂ ಸರಿದು ಕೂತದ್ದು ಅದೇ ಮೊದಲು. ಅವನಿಗೆ ಎಷ್ಟು ಹಿತವಾಯಿತು ಅಂದರೆ ಕಣ್ಣು ತುಂಬಿಬಂತು.

“ಹ್ಞೂಂ, ಕೂಗು” ಅಂದ ಕೊಕ್ಕಪ್ಪ.

ಹೊಸಬ ಬಾಯಿ ತೆರೆದ. ಬೆಳವಕ್ಕ ತಲೆ ಎತ್ತಿ ಅವನನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ. ಇವನೂ ಅಷ್ಟೇ ಅನ್ನೋ ಹಾಗೆ ನೋಡುತ್ತಿದ್ದಳು. ಹೊಸಬನ ಗಂಟಲಲ್ಲಿ ಕಲಿತದ್ದೆಲ್ಲ ಅಲ್ಲೇ ಸಿಕ್ಕಿಕೊಂಡಿತು. “ಕಾ” ಅಂತ ಕೂಗಿದ, ಆದರೆ ಅವನ ಅಮ್ಮ ಕೂಗುತ್ತಿದ್ದಳಲ್ಲ, ಹಾಗೆ. ಕೂಗಿದವನೇ ಹೋಗಿ ಮೊಟ್ಟೆಯ ಮುಂದೆ ರೆಕ್ಕೆ ಬಿಚ್ಚಿ ನಿಂತ.

“ಏನೋ ಇದು?” ಅಂದ ಕೊಕ್ಕಪ್ಪ.

“‘ಕಾ’ ಅನ್ನು ಅಂದಿರಿ. ಅಂದೆ. ಈಗ ಕಾಯ್ತಾ ಇದ್ದೀನಿ.”

“ಇಲ್ಲಿ ಆ ಅರ್ಥ ನಡೆಯೋದಿಲ್ಲ ಅಂತ ಹೇಳಿರಲಿಲ್ವಾ?”

“ಹೇಳಿದ್ರಿ. ಇನ್ನು ಮೇಲೆ ನಡೆಯುತ್ತೆ.”

“ನಮ್ಮ ಮರಕ್ಕೆ ಬಂದು ನಮಗೇ ಮಾತು ಕಲಿಸ್ತೀಯಾ? ಸರಿಯೋ ಆಚೆ.”

“ಸರಿಯೋದಿಲ್ಲ.”

ಕಾಗೆಗಳು ಒಟ್ಟಿಗೇ ಎರಗಿದವು. ಅವನೋ ಒಂದು ಹಿಡಿ ಗಾತ್ರದವನು. ಸುತ್ತ ಅಷ್ಟು ಕಾಗೆಗಳು. ಆದರೂ ಅವನು ಜಗ್ಗಲಿಲ್ಲ. ಸಿಕ್ಕಿದ ಕಾಗೆಯ ಕತ್ತಿಗೆ ಹಾರಿ ಕುಟ್ಟಿದ, ಮತ್ತೆ ಬಂದು ಮೊಟ್ಟೆಯ ಮುಂದೆ ನಿಂತ, ಮತ್ತೆ ಹಾರಿ ಕುಟ್ಟಿದ. ಕುಟ್ಟಿಸಿಕೊಂಡ ಕತ್ತುಗಳು ಕಪ್ಪು ಬಿಟ್ಟು ಬೂದುಬಣ್ಣಕ್ಕೆ ತಿರುಗಿದವು. ಆಗ ಅವನ ಬಾಲ ಅಗಲವಾಗಿ, ಒಂದೇ ಸಮ ಇತ್ತು. ಕೊಕ್ಕಪ್ಪ ಹಿಂದಿನಿಂದ ಬಂದು ಆ ಬಾಲದ ನಡುವಿನ ಗರಿಗಳನ್ನು ಕಚ್ಚಿ ಜಗ್ಗಿದ. ಗರಿ ಕಿತ್ತುಬಂತು. ಬಾಲ ಎರಡಾಗಿ ಸೀಳಿಹೋಯಿತು.

“ಮುಗೀತು ನಿನ್ನ ಕತೆ” ಅಂದ ಕೊಕ್ಕಪ್ಪ, ಬಾಯಲ್ಲಿದ್ದ ಗರಿ ಉಗುಳುತ್ತಾ. “ಸೀಳುಬಾಲದಲ್ಲಿ ಹೇಗೆ ಹಾರ್ತೀಯೋ ನೋಡ್ತೀನಿ. ಕಾಲು ಹಿಡಿದು ತಪ್ಪಾಯ್ತು ಅನ್ನು, ಇಲ್ಲವೇ ಊರು ಬಿಡು.”

ಹೊಸಬ ತಿರುಗಿ ತನ್ನ ಬಾಲ ನೋಡಿಕೊಂಡ. ಅಳು ಬಂತು. ನೋವಾಗದೆ ಇರುತ್ತಾ? ಆದರೂ ಅಳು ನುಂಗಿ ಹಾರಿದ. ಹಾರಿದರೆ ಏನಾಶ್ಚರ್ಯ, ಬಾಲದ ಒಂದು ಸೀಳು ಎಡಕ್ಕೆ ಎಳೆಯಿತು, ಇನ್ನೊಂದು ಬಲಕ್ಕೆ. ಅಂದುಕೊಂಡ ಕಡೆಗೆ ಗಕ್ಕನೆ ತಿರುಗುವುದಕ್ಕಾಯಿತು. ಮೇಲೆ ಹೋಗಿ, ಗಿರಕ್ಕನೆ ತಿರುಗಿ, ನೆಟ್ಟಗೆ ಕೊಕ್ಕಪ್ಪನ ನೆತ್ತಿಯ ಮೇಲೇ ಇಳಿದ. ಕೊಕ್ಕಪ್ಪ ಅತ್ತ ತಿರುಗುವಷ್ಟರಲ್ಲಿ ಇತ್ತ ಬಂದು ಕುಟ್ಟಿದ.

“ತಪ್ಪಾಯ್ತು ಅನ್ನೋದೂ ಇಲ್ಲ, ಊರು ಬಿಡೋದೂ ಇಲ್ಲ” ಅಂದ. “ಒಂದು ಸಲ ನನ್ನ ತೋಪನ್ನ ಹೊಳೆ ತಗೊಂಡು ಹೋಯ್ತು. ಹೊಳೆಯ ಜೊತೆ ಜಗಳ ಆಡೋಕೆ ಆಗಲಿಲ್ಲ. ನಿಮ್ಮ ಜೊತೆ ಆಗುತ್ತೆ.”

ಆಮೇಲೆ ಅವನು ಎಮ್ಮೆಯ ಬೆನ್ನಿಗೆ ಹೋಗಲಿಲ್ಲ. ಯಾರನ್ನೂ ಕೇಳದೆ ಇಪ್ಪೆಮರದ ತುದಿಕೊಂಬೆಯ ಮೇಲೆ ಕೂತ. ಕಾಗೆಗಳು ‘ಕಾ’ ಅಂದಾಗೆಲ್ಲ ಕೆಳಗಿಳಿದು ಕುಟ್ಟಿದ. ಬೆಳಿಗ್ಗೆ ಅಂದರೂ ಕುಟ್ಟಿದ, ಮಧ್ಯಾಹ್ನ ಅಂದರೂ ಕುಟ್ಟಿದ. ಕಾಗೆಗಳಿಗೆ ಬಾಯಿ ಬಿಡುವ ಹಾಗಿಲ್ಲ, ಬಾಯಿ ಮುಚ್ಚಿಕೊಂಡು ಬಳಗವನ್ನು ಕರೆಯುವ ಹಾಗೂ ಇಲ್ಲ. ಕೊನೆಗೆ ಬೈದುಕೊಳ್ಳುತ್ತಾ ಬೇರೆ ಮರಕ್ಕೆ ಹೋದವು. ಕೊಕ್ಕಪ್ಪ ಎಲ್ಲರಿಗಿಂತ ಮುಂದೆ ಹಾರಿದ. ಅಷ್ಟು ದಿನದಲ್ಲಿ ಬೆಳವಕ್ಕನ ಮೊಟ್ಟೆಯೊಡೆದು ಮರಿಯೂ ರೆಕ್ಕೆ ಬಲಿತು ಹಾರಿಹೋಗಿತ್ತು.

ಗಿಣಿಗಳು ಸುಮ್ಮನೆ ನೋಡುತ್ತಿದ್ದವು. ಹೊಸಬ ಅವುಗಳ ಕಡೆ ನೋಡಲಿಲ್ಲ. ಬೇಡ ಅಂದವರ ಬಾಗಿಲಲ್ಲಿ ಎಷ್ಟು ದಿನ ನಿಲ್ಲೋದು?

ಅವತ್ತು ಸಂಜೆ ಬೆಳವಕ್ಕ ಮೆಲ್ಲಗೆ ಹಾರಿಬಂದು ಅವನ ಪಕ್ಕ ಕೂತಳು. ಆಮೇಲೆ ಹೇಳಿದಳು. “ಆವತ್ತು ಮೊದಲ ಸಲ ನೀನು ಬಂದು, ಯಾರನ್ನು ಕಾಪಾಡಬೇಕು ಅಂತ ಕೇಳಿದೆ ನೋಡು. ನನ್ನನ್ನು ಅಂತ ಹೇಳಬೇಕು ಅನ್ನಿಸಿತ್ತು. ಧೈರ್ಯ ಬರಲಿಲ್ಲ.”

“ಹೋಗಲಿ ಬಿಡು ಅಕ್ಕ.”

“ನಿನ್ನ ಹೆಸರೇನು ತಮ್ಮಾ? ನಾವ್ಯಾರೂ ಕೇಳಲೇ ಇಲ್ಲ.”

“ನೀವೆಲ್ಲ ಹೊಸಬ ಅಂತೀರಲ್ಲ” ಅಂದ.

“ಹೊಸಬನಂತೆ” ಅಂದಳು ಬೆಳವಕ್ಕ, ಸ್ವಲ್ಪ ಸಿಟ್ಟಿನಿಂದಲೇ. “ಈ ಮರದಲ್ಲಿ ‘ಕಾ’ ಅನ್ನೋ ಮಾತಿಗೆ ಸರಿಯಾದ ಅರ್ಥ ತಿಳಿದ ಜಾಣ ಅಂದರೆ ನೀನೊಬ್ಬನೇ. ನೀನು ಕಾಜಾಣ. ಯಾರು ಏನಾದರೂ ಅಂದುಕೊಳ್ಳಲಿ, ನಾನು ಹಾಗೇ ಕರೆಯೋದು.”

ಮಾರನೆಯ ದಿನವೇ ಅವಳು ತನ್ನ ಕಡ್ಡಿಗಳನ್ನೆಲ್ಲ ಕಚ್ಚಿಕೊಂಡು ಬಂದು ಅವನ ಕೊಂಬೆಯ ಕೆಳಗೇ ಗೂಡು ಕಟ್ಟಿದಳು. ಆಮೇಲೆ ಪಿಕಳಾರ ಹಕ್ಕಿಗಳು ಬಂದವು. ಕೊನೆಗೆ, ಮುಖ ಸಣ್ಣದು ಮಾಡಿಕೊಂಡು, ಗಿಣಿಗಳೂ ಬಂದವು.

ನೋಡು ಮಗಾ, ಇವತ್ತಿಗೂ ಕಾಜಾಣದ ಬಾಲ ಎರಡಾಗಿ ಸೀಳಿರುತ್ತದೆ, ಊರಕಾಗೆಯ ಕತ್ತು ಬೂದುಬಣ್ಣಕ್ಕಿರುತ್ತದೆ, ಕಾಜಾಣ ಇರೋ ಮರ ಹುಡುಕಿಕೊಂಡು ಬೆಳವನಹಕ್ಕಿ ಗೂಡು ಕಟ್ಟುತ್ತದೆ. ಕಾಗೆ ಊಟಕ್ಕೆ ಬನ್ನಿ ಅಂತಲೇ ಕೂಗುತ್ತದೆ, ಕಾಜಾಣ ಅದನ್ನು ಕಾಪಾಡು ಅಂತಲೇ ಕೇಳಿಸಿಕೊಂಡು, ತನಗಿಂತ ಅಷ್ಟು ದೊಡ್ಡ ಕಾಗೆಯನ್ನು ಕೆರೆಯ ಆಚೆ ದಂಡೆಯವರೆಗೂ ಅಟ್ಟಿಕೊಂಡು ಹೋಗುತ್ತದೆ.